ಕಾಳಪ್ಪ ಶಾಲೆಗೆ ಬಂದ ದಿನ

ಜೈಲಿನಿಂದ
28 ಮಾರ್ಚ್ 2023

ಖುರ್ಷಿದಾ ಅಕ್ಕನವರಿಗೆ ದುರಗೇಶನ ನಮಸ್ಕಾರಗಳು.

ಇಲ್ಲಿ ಫೋನು ಸಿಗುವುದು ವಾರಕ್ಕೊಮ್ಮೆ, ಅದೂ ಮನೆಯವರಿಗೆ ಮಾತ್ರ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇಲ್ಲಿಯವರು ಓದಿಯೇ ಕಳಿಸುತ್ತಾರೆ, ನೀವೂ ನೋಡಿಕೊಂಡು ಬರೆಯಿರಿ.

ಕಲ್ಲಹೊಂಡದ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದವನು ಒಂದೇ ದಿನದಲ್ಲಿ ಕೊಲೆ ಆರೋಪಿಯಾದೆ. ಕಣ್ಣು ಮುಚ್ಚಿದರೆ ಅದೇ ಶನಿವಾರ. ಹತ್ತನೇ ತರಗತಿಯ ಬೀಳ್ಕೊಡುಗೆ, ಮೈದಾನದಲ್ಲಿ ಪೆಂಡಾಲು, ಮೈಕಿನಲ್ಲಿ ಹಾಡು, ಲೇಜಿಮು ಕುಣಿತಕ್ಕೆ ಸಾಲಾಗಿ ನಿಂತ ಹುಡುಗಿಯರು. ಅಷ್ಟರಲ್ಲಿ ಮನೆ ಕಟ್ಟುವ ಗೌಂಡಿ ಕಾಳಪ್ಪ ನುಗ್ಗಿ ಬಂದು ಮಗಳು ಫಕೀರಮ್ಮನ ರಟ್ಟೆ ಹಿಡಿದು ಎಳೆಯತೊಡಗಿದ. ಇನ್ನು ಹದಿಮೂರು ದಿನಕ್ಕೆ ಪರೀಕ್ಷೆ ಇರುವ ಹುಡುಗಿಯನ್ನು ಮದುವೆಗೆ ಎಳೆದೊಯ್ಯುವಾಗ ನಾನು ಸುಮ್ಮನೆ ನಿಲ್ಲಬೇಕಿತ್ತೆ? ಪೆಂಡಾಲಿನ ಪೈಪು ಕೈಗೆ ಸಿಕ್ಕಿತು. ಒಂದೇ ಏಟು ಹೊಡೆದೆ. ಅವನು ಆಯತಪ್ಪಿ ವೇದಿಕೆಯ ಕಲ್ಲಿಗೆ ತಲೆ ಬಡಿದುಕೊಂಡು ಬಿದ್ದ. ನೀವು ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲೇ ಇದ್ದಿರಿ. ನೋಡಿದ್ದೀರಿ.

ಅವನು ಸತ್ತದ್ದು ನನಗೂ ಸಂಕಟವೇ. ಆದರೆ ಒಂದು ಹುಡುಗಿ ಉಳಿದಳು ಎಂಬ ಸಮಾಧಾನದಲ್ಲಿ ಅನ್ನ ಗಂಟಲಿಗಿಳಿಯುತ್ತಿದೆ.

ನಮ್ಮ ಮಕ್ಕಳ ಪರೀಕ್ಷೆಯ ಸುದ್ದಿ ತಿಳಿಸಿ. ಖೋಖೋ ಕಂಬಗಳನ್ನು ಬಿಸಿಲಿಗೆ ಬಿಡಬೇಡಿ, ಸೀಳುತ್ತವೆ.

ನಿಮ್ಮ ತಮ್ಮ,
ದುರಗೇಶ


ಕಲ್ಲಹೊಂಡ
9 ಏಪ್ರಿಲ್ 2023

ದುರಗೇಶ ಸರ್ ಅವರಿಗೆ,

ನಿಮ್ಮ ಕಾಗದ ಶಾಲೆಯ ವಿಳಾಸಕ್ಕೆ ಬಂತು. ಮುಖ್ಯಗುರು ಶರಣಬಸವ ಸರ್ ಅದನ್ನು ಮೇಜಿನ ಮೇಲೆ ಇಡದೆ ನನ್ನ ಕೈಗೇ ಕೊಟ್ಟರು.

ನಿಮ್ಮನ್ನು ಜೀಪು ಹತ್ತಿಸಿಕೊಂಡು ಹೋದ ಒಂದು ತಾಸಿಗೆ ಕಾಳಪ್ಪನ ಅಣ್ಣತಮ್ಮಂದಿರು ಕೊಡಲಿ, ಬಡಿಗೆ ಹಿಡಿದು ಬಂದರು. ಕಾಳಪ್ಪ ದವಾಖಾನೆ ಮುಟ್ಟುವ ಮೊದಲೇ ಹೋದನೆಂದು ಅಷ್ಟರಲ್ಲಿ ಸುದ್ದಿ ಬಂದಿತ್ತು. ನಿಮ್ಮ ಬೈಕಿಗೆ ಬೆಂಕಿ ಹಚ್ಚಿದರು. ಆಫೀಸಿನ ಕಿಟಕಿ, ಕಪಾಟು, ಗೆದ್ದ ಷೀಲ್ಡುಗಳು ಎಲ್ಲ ಪುಡಿ. ಅರವತ್ತು ಮಕ್ಕಳನ್ನು ಒಳಗೆ ಹಾಕಿ ಕದಕ್ಕೆ ಬೆಂಚು ಅಡ್ಡ ಇಟ್ಟು ನಾವು ಮೂವರು ಟೀಚರುಗಳು ಬೆನ್ನು ಕೊಟ್ಟು ನಿಂತೆವು. ಕೊಡಲಿಯ ಒಂದು ಏಟಿಗೆ ಕದದ ಹಲಗೆ ಸೀಳಿ ಕೊಡಲಿಯ ಬಾಯಿ ನನ್ನ ಹೆಗಲಿನ ಪಕ್ಕ ಹಣಿಕಿತು. ಪೊಲೀಸ್ ವ್ಯಾನು ಬರುವವರೆಗೆ ಎಂಟನೇ ತರಗತಿಯ ಹುಡುಗಿಯರು ಕೂಗಿ ಕೂಗಿ ವಾಂತಿ ಮಾಡಿಕೊಂಡಿದ್ದರು.

ಪರೀಕ್ಷೆ ನಡೆಯುತ್ತಿದೆ. ಮಕ್ಕಳು ಪೊಲೀಸರ ಕಾವಲಿನಲ್ಲಿ ಕೇಂದ್ರಕ್ಕೆ ಹೋಗಿಬರುತ್ತಿದ್ದಾರೆ. ಫಕೀರಮ್ಮ ಬಂದಿಲ್ಲ. ಅವಳ ಹಾಲ್ ಟಿಕೆಟ್ ನನ್ನ ಬ್ಯಾಗಿನಲ್ಲೇ ಇದೆ. ಅವಳ ತಾಯಿ ಹುಲಗೆಮ್ಮ ಬಿಸಿಯೂಟದ ಅಡುಗೆಗೆ ಬರುತ್ತಿಲ್ಲ, ಆ ಹೆಣ್ಣುಮಗಳ ಕೈಯಡುಗೆ ಉಂಡ ಮಕ್ಕಳು ಈಗ ಚಿತ್ರಾನ್ನವನ್ನು ಹಾಗೇ ಬಿಟ್ಟು ಏಳುತ್ತಾರೆ.

ಊರಿನ ಒಂದು ಭಾಗ ನಿಮ್ಮನ್ನು ಹೊಗಳುತ್ತಿದೆ. "ಹೆಣ್ಣ ಕೂಸಿನ ಸಲುವಾಗಿ ಜೈಲಿಗೆ ಹೋದ ಮಾಸ್ತರ" ಎನ್ನುತ್ತಾರೆ. ಹೋದ ವರ್ಷವೇ ಆ ಹುಡುಗಿಗೆ ಆನೆಗೊಂದಿ ಕಡೆಯ ಒಂದು ಗಂಡಿನ ಮಾತು ನಡೆದಾಗ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ನಿಲ್ಲಿಸಿದವಳು ನಾನು. ಮತ್ತೆ ಅದೇ ಆಯಿತಲ್ಲ ಎಂದು ನನಗೂ ಹೊಟ್ಟೆ ಉರಿಯುತ್ತದೆ.

ಪೊಲೀಸರು ಕೇಳಿದರು. ಗದ್ದಲದಲ್ಲಿ ಸರಿಯಾಗಿ ಕಾಣಲಿಲ್ಲ ಎಂದಿದ್ದೇನೆ.

ಒಂದೇ ಏಟು ಎಂದು ಬರೆದಿದ್ದೀರಿ. ಆಗಲಿ.

ಖುರ್ಷಿದಾ


ಜೈಲಿನಿಂದ
17 ಜೂನ್ 2023

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಕಾಣಲಿಲ್ಲ ಎಂದು ಹೇಳಿದ್ದೀರಿ, ಅದು ಸಾಕು. ನನ್ನ ವಕೀಲರೂ ಅದನ್ನೇ ಹೇಳಿದರು.

ಇಲ್ಲಿ ಮೊನ್ನೆ ಊಟದ ಸಾಲಿನಲ್ಲಿ ಒಬ್ಬ ಕೈದಿ ತಟ್ಟೆಯ ಅಂಚಿನಿಂದ ನನ್ನ ಮುಖಕ್ಕೆ ಬಾರಿಸಿದ. ಕಾಳಪ್ಪನ ಕಡೆಯವನಂತೆ. ಎರಡು ಹಲ್ಲು ಹೋದವು. ನಾನು ಕೈ ಎತ್ತಲಿಲ್ಲ. ಎತ್ತಿದ್ದರೆ ಅವನು ಏಳುತ್ತಿರಲಿಲ್ಲ, ಅದು ಬೇರೆ ಮಾತು.

ಶಾಲೆ ಸುರುವಾಗಿರಬೇಕು. ಹೊಸ ಖೋಖೋ ತಂಡ ಯಾರು ನೋಡಿಕೊಳ್ಳುತ್ತಿದ್ದಾರೆ? ಮಕ್ಕಳನ್ನು ಸಡಿಲ ಬಿಡಬೇಡಿ ಅಕ್ಕಾ. ಆ ಶಾಲೆ ತಾಲೂಕು ಮಟ್ಟಕ್ಕೆ ಹೋದದ್ದು ನನ್ನ ಶಿಸ್ತಿನಿಂದ. ಬೀಳ್ಕೊಡುಗೆಗೆ ದೊಡ್ಡವರೆಲ್ಲ ಬರುತ್ತಾರೆಂದು ಲೇಜಿಮು ಕಲಿಸುವಾಗ ಕೆಲವು ಹುಡುಗಿಯರು ಓದುವ ನೆವ ಹೇಳಿ ತಪ್ಪಿಸಿಕೊಂಡರು. ಅಂಥವರನ್ನು ಒಮ್ಮೆ ಸರಿಯಾಗಿ ವಿಚಾರಿಸಿಕೊಂಡರೆ ಉಳಿದವರು ತಾವಾಗಿಯೇ ಸಾಲಿಗೆ ಬರುತ್ತಾರೆ. ಫಕೀರಮ್ಮನಂಥ ಹಟಮಾರಿಯೂ ಶನಿವಾರ ಸಾಲಿನಲ್ಲಿ ನಿಂತಿರಲಿಲ್ಲವೇ?

ಅವಳು ಈಗ ಶಾಲೆಗೆ ಬರುತ್ತಾಳೆಯೇ? ನನ್ನ ಬಗ್ಗೆ ಏನಾದರೂ ಅನ್ನುತ್ತಾಳೆಯೇ?

ದುರಗೇಶ


ಕಲ್ಲಹೊಂಡ
3 ಮಾರ್ಚ್ 2024

ದುರಗೇಶ ಅವರಿಗೆ,

ಸುಮಾರು ಹನ್ನೊಂದು ತಿಂಗಳು ನಿಮಗೆ ಬರೆಯಲಿಲ್ಲ. ನಿಮ್ಮ ಜೂನ್ ತಿಂಗಳ ಕಾಗದದ ಒಂದು ಸಾಲು ನನ್ನನ್ನು ಬಿಡಲಿಲ್ಲ. "ಸರಿಯಾಗಿ ವಿಚಾರಿಸಿಕೊಂಡರೆ." ಅದರ ಅರ್ಥ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೀವು ಕ್ರೀಡಾ ಕೊಠಡಿಯ ಬಾಗಿಲು ಹಾಕಿದಾಗ ನಾನು ಪಕ್ಕದ ಕೋಣೆಯಲ್ಲಿ ಬೋರ್ಡಿನ ಮೇಲೆ ಸ್ವಲ್ಪ ಜೋರಾಗಿ ಬರೆಯುತ್ತಿದ್ದೆ. ಹನ್ನೊಂದು ವರ್ಷ ಹಾಗೇ ಬರೆದೆ.

ಶಾಲೆಯ ಸುದ್ದಿ ಕೇಳುತ್ತಿದ್ದಿರಿ. ಕಲಿಕಾ ಹಬ್ಬ ಆಯಿತು. ಬೇವೂರಿನ ಕಡೆಯ ನಾಲ್ಕು ಶಾಲೆಗಳ ಮಕ್ಕಳು ಬಂದಿದ್ದರು, ಮೈದಾನದ ತುಂಬ ಕಾಗದದ ಟೊಪ್ಪಿಗೆ. ಬೇವಿನ ಮರಗಳು ಚಿಗುರಿವೆ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ನನ್ನ ಪಾಲಿಗೆ ಮೇಲಿನ ಓಣಿ ಬಂತು. ಹಾಗೆ ಹುಲಗೆಮ್ಮನ ಮನೆಗೆ ಹೋದೆ. ಫಕೀರಮ್ಮ ಕುಷ್ಟಗಿಯ ಹತ್ತಿರ ದಾಳಿಂಬೆ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಮೂರು ಸಲ ಹೋದ ಮೇಲೆ ಪರೀಕ್ಷೆ ಕಟ್ಟಲು ಒಪ್ಪಿದಳು. ಹುಲಗೆಮ್ಮನೂ ಬಿಸಿಯೂಟದ ಕೆಲಸಕ್ಕೆ ಮರಳಿ ಬಂದಿದ್ದಾಳೆ.

ಫೆಬ್ರವರಿಯಿಂದ ದಿನಾ ಸಂಜೆ ನಾಲ್ಕೂವರೆಗೆ ಅವಳಿಗೆ ಗಣಿತ ಹೇಳುತ್ತಿದ್ದೇನೆ. ಹೋದ ಶುಕ್ರವಾರ ಕ್ರೀಡಾ ಕೊಠಡಿಯಲ್ಲಿ ಬೆಂಚು ಇದೆ, ಅಲ್ಲಿ ಕೂಡೋಣ ಎಂದೆ. ಹುಡುಗಿ ಹೊಸ್ತಿಲಲ್ಲೇ ನಿಂತಳು.

"ಅಲ್ಲಿ ಬ್ಯಾಡ್ರಿ ಟೀಚರ್."

"ಯಾಕವಾ?"

ಆ ಕಡೆ ಈ ಕಡೆ ಯಾರೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ ಲಂಗದ ಅಂಚನ್ನು ಮೊಣಕಾಲಿನ ಮೇಲೆ ಎತ್ತಿದಳು. ತೊಡೆಯ ಹಿಂಭಾಗದಲ್ಲಿ ಹಗ್ಗ ಸುತ್ತಿಟ್ಟ ಹಾಗೆ ಕಪ್ಪು ಗೆರೆಗಳು. ಒಂದರ ಮೇಲೊಂದು. ಒಂದು ಕಡೆ ಚರ್ಮ ಕಿತ್ತು ಗಂಟಾಗಿ ಕೂಡಿಕೊಂಡಿದೆ. ವರ್ಷ ಕಳೆದರೂ ಮಾಸಿಲ್ಲ.

"ಸ್ಕಿಪ್ಪಿಂಗ್ ಹಗ್ಗ್ರಿ. ಎರಡು ಪದರ ಮಾಡಿ ನೀರಾಗ ಅದ್ದಿದ್ರು. ಲೇಜಿಮಿಗೆ ಎರಡು ದಿನಾ ಬಂದಿದ್ದಿಲ್ಲಲ್ಲರಿ, ಗುರುವಾರ ಒಳಗ ಕರದ್ರು. ಇಪ್ಪತ್ತರ ತನಾ ಎಣಿಸಿದ್ನಿ. ಆಮ್ಯಾಲೆ ಎಣಿಸಾಕ ಆಗಲಿಲ್ಲ."

ಮರುದಿನ ಶುಕ್ರವಾರ ಹುಲಗೆಮ್ಮ ತಲೆಗೆ ಎಣ್ಣೆ ಹಚ್ಚಿ ಎರೆಯುವಾಗ ನೋಡಿದಳಂತೆ. ಶನಿವಾರ ಅವಳು ಶಾಲೆಯ ಅಡುಗೆಗೆ ಬರಲಿಲ್ಲ. ಕಾಳಪ್ಪ ಗಚ್ಚಿನ ಕೆಲಸ ಅರ್ಧಕ್ಕೆ ಬಿಟ್ಟು, ಕೈಯ ಸಿಮೆಂಟೂ ತೊಳೆಯದೆ ಶಾಲೆಗೆ ಬಂದ.

ಮದುವೆಗಾಗಿ ಬಂದಿರಲಿಲ್ಲ, ದುರಗೇಶ. ಮಗಳನ್ನು ಮುಖ್ಯಗುರುಗಳ ಕೋಣೆಗೆ ಕರೆದುಕೊಂಡು ಹೋಗಿ ಆ ಗೆರೆಗಳನ್ನು ತೋರಿಸಲು ಬಂದಿದ್ದ. ಅಷ್ಟು ಜನರೆದುರು ಹೇಗೆ ತೋರಿಸುವುದೆಂದು ಹುಡುಗಿ ನಾಚಿಕೆಗೆ ಹಿಂದೆ ಜಗ್ಗುತ್ತಿದ್ದಳು. ಅದನ್ನು ನಾವು ಎಳೆದಾಟ ಎಂದುಕೊಂಡೆವು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹುಲಗೆಮ್ಮನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು: "ಹೇಳಿದ್ನಲ್ಲರಿ ಶರಣಬಸವ ಸರಗ. 'ಮಾಸ್ತರ ಬಾಗಲಾ ಹಾಕ್ಕೊಂಡು ಹುಡಗೀನ ಹೊಡದಾನ ಅಂದ್ರ ಊರು ಬರೀ ಹೊಡತಾ ಅಂತ ತಿಳಕೋತೈತೇನಬೇ, ನಾಳೆ ನಿನ್ನ ಮಗಳನ್ನ ಯಾರು ಮಾಡ್ಕೋತಾರ' ಅಂದ್ರು. ಬಾಯಿ ಮುಚಗೊಂಡ್ನಿ."

ನಿಮಗೆ ಅವನು ಯಾಕೆ ಬಂದಿದ್ದನೆಂದು ಗೊತ್ತಿತ್ತೆ? ಹೌದು ಅಥವಾ ಇಲ್ಲ, ಒಂದೇ ಮಾತಿನಲ್ಲಿ ಬರೆಯಿರಿ. ಮತ್ತು ಏಟು ಒಂದಲ್ಲ. ಅದು ನನಗೂ ಗೊತ್ತು, ನಿಮಗೂ ಗೊತ್ತು.

ಖುರ್ಷಿದಾ


ಜೈಲಿನಿಂದ
15 ಮಾರ್ಚ್ 2024

ಖುರ್ಷಿದಾ ಮೇಡಂ ಅವರಿಗೆ,

ಒಂದು ಹುಡುಗಿ ಕಾಲು ತೋರಿಸಿದ ತಕ್ಷಣ ಹನ್ನೊಂದು ವರ್ಷದ ನಂಬಿಕೆ ಹೋಯಿತೆ? ಯಾವ ಶಾಲೆಯಲ್ಲಿ ಹೊಡೆಯುವುದಿಲ್ಲ? ನಾನು ಹೊಡೆತ ತಿಂದೇ ರಾಜ್ಯಮಟ್ಟದಲ್ಲಿ ಓಡಿದವನು.

ಒಂದೇ ಮಾತಿನಲ್ಲಿ ಉತ್ತರ ಬೇಕಂತೆ. ಕೊಡುತ್ತೇನೆ. ನಾನು ಅವತ್ತು ಕೇಳಿದ್ದು ಒಬ್ಬರ ದನಿಯನ್ನು. ಅಡುಗೆ ಕೋಣೆಯ ಬಾಗಿಲಿನಿಂದ ಬಂದ ದನಿ. "ಸರ್, ಬಿಡಸ್ರಿ! ಮದಿವಿಗೆ ಎಳಕೊಂಡು ಹೊಂಟಾನ್ರಿ!" ಹಾಗೆ ಕೂಗಿದವರು ಯಾರು ಮೇಡಂ? ಇಡೀ ಊರು ಇವತ್ತಿಗೂ ಹೇಳುತ್ತಿರುವ ಆ ಮದುವೆಯ ಕತೆಯನ್ನು ಮೊದಲು ಬಾಯಿಬಿಟ್ಟವರು ಯಾರು?

ಪೈಪು ಹಿಡಿದದ್ದು ನನ್ನ ಕೈ. ಹಿಡಿಸಿದ್ದು ನಿಮ್ಮ ನಾಲಿಗೆ. ನಾನು ಇದನ್ನು ಯಾವ ಪೊಲೀಸರಿಗೂ ಹೇಳಿಲ್ಲ. ನೀವು ನನ್ನ ಏಟು ಎಣಿಸಲು ಕೂತರೆ ನಾನೂ ಹೇಳಬೇಕಾಗುತ್ತದೆ. ನಿಮಗೂ ನೌಕರಿ ಇದೆ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಕಾಳಪ್ಪನ ಅಣ್ಣತಮ್ಮಂದಿರ ಕೊಡಲಿ ಇನ್ನೂ ಮನೆಯಲ್ಲೇ ಇದೆ.

ವಿಚಾರ ಮಾಡಿ.

ದುರಗೇಶ


ಕಲ್ಲಹೊಂಡ
12 ಮೇ 2024

ದುರಗೇಶ,

ಹೌದು, ನಾನೇ ಕೂಗಿದೆ.

ಹೋದ ಒಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ನನ್ನ ಗಂಡ ಅಕ್ಬರನಿಗೂ. ನಿಮ್ಮ ಕಾಗದ ಬಂದ ದಿನವೇ ಅವನಿಗೆ ಓದಿ ಹೇಳಿದೆ. ಅವನು ಹೆದರಿದ. "ಈ ಊರಾಗ ನಾವು ನಾಕ ಮನಿಯವರು. ನೀ ಕೋರ್ಟಿನ್ಯಾಗ ಬಾಯಿ ತೆಗದ್ರ ಎರಡೂ ಕಡೆಯವರು ನಮ್ಮ ಮ್ಯಾಲ ಬೀಳ್ತಾರ" ಎಂದ. ಅವನ ಮಾತು ಸುಳ್ಳಲ್ಲ. ಒಂದೂವರೆ ತಿಂಗಳು ಮನೆಯಲ್ಲಿ ಜಗಳವಾಯಿತು. ಒಂದು ದಿನ ಅವನು ಚಹಾದ ಲೋಟ ಗೋಡೆಗೆ ಒಗೆದ. ಮರುದಿನ ಅವನೇ ನನ್ನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಕೊಪ್ಪಳಕ್ಕೆ ಕರೆದುಕೊಂಡು ಹೋದ. ಸರಕಾರಿ ವಕೀಲರನ್ನು ಕಂಡು ಎಲ್ಲ ಹೇಳಿ ಬಂದಿದ್ದೇನೆ. ನಿಮ್ಮ ಕಾಗದಗಳನ್ನೂ ಕೊಟ್ಟಿದ್ದೇನೆ.

ಫಕೀರಮ್ಮ ಪಾಸಾದಳು. ಗಣಿತಕ್ಕೆ ಎಪ್ಪತ್ತೊಂದು.

ಸಾಕ್ಷಿ ಮುಗಿಯುವವರೆಗೆ ನಾನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಖುರ್ಷಿದಾ


ಕಲ್ಲಹೊಂಡ
20 ಫೆಬ್ರವರಿ 2025

ದುರಗೇಶ,

ನನ್ನ ಸಾಕ್ಷಿಯನ್ನು ನೀವು ಕಟಕಟೆಯಲ್ಲಿ ನಿಂತು ಕೇಳಿಸಿಕೊಂಡಿರಿ. ಆದರೂ ಬರೆಯುತ್ತಿದ್ದೇನೆ. ಆ ದಿನ ನಿಮ್ಮ ಮುಖ ನೋಡುವ ಧೈರ್ಯ ನನಗಿರಲಿಲ್ಲ, ನ್ಯಾಯಾಧೀಶರ ಹಿಂದಿನ ಗೋಡೆ ನೋಡಿಕೊಂಡು ಹೇಳಿದೆ.

ಮೊದಲನೆಯ ಏಟು ಮುಂಗೈಗೆ ಬಿತ್ತು. ಕಾಳಪ್ಪ ಮಗಳನ್ನು ಬಿಟ್ಟ. ಅಲ್ಲಿಗೆ ನಿಲ್ಲಬಹುದಿತ್ತು. ಎರಡನೆಯದು ಬೆನ್ನಿಗೆ. ಅವನು ಬೋರಲು ಬಿದ್ದ, ಹೊರಳಿ ಕೈ ಅಡ್ಡ ಮಾಡಿದ. ನೀವು ಒಂದು ಹೆಜ್ಜೆ ಮುಂದೆ ಬಂದು ಕಾಲು ಅಗಲಿಸಿ ನಿಂತು, ಎರಡೂ ಕೈಯಿಂದ ಪೈಪು ಎತ್ತಿ ಹಣೆಯ ಮೇಲೆ ಹಾಕಿದಿರಿ. ಆ ಸದ್ದು ಮೈಕಿನ ಹಾಡಿನ ನಡುವೆಯೂ ಅಡುಗೆ ಕೋಣೆಯವರೆಗೆ ಬಂತು. ಅವನ ಕಾಲುಗಳು ಮಣ್ಣಿನಲ್ಲಿ ಒದ್ದಾಡುತ್ತಾ ರಂಗೋಲಿ ಅಳಿಸಿದವು. ಲೇಜಿಮಿನ ಹುಡುಗಿಯರ ಬಿಳಿ ಕ್ಯಾನ್ವಾಸ್ ಬೂಟಿನ ಮೇಲೆಲ್ಲ ರಕ್ತ. ವೇದಿಕೆಯ ಕಲ್ಲು ಅಲ್ಲಿಂದ ಹತ್ತು ಹೆಜ್ಜೆ ದೂರ ಇತ್ತು.

ನಿಮ್ಮ ವಕೀಲರು ಕೇಳಿದರು: "ಪೊಲೀಸರ ಮುಂದ ಕಾಣಲಿಲ್ಲ ಅಂದಿದ್ರಿ. ಎರಡು ವರ್ಷ ಆದ ಮ್ಯಾಲ ಹೆಂಗ ಕಾಣಾಕತ್ತು?"

"ಅವತ್ತೂ ಕಂಡಿತ್ತು ಸರ್. ಹೇಳೂ ಧೈರ್ಯ ಇರಲಿಲ್ಲ."

"ಯಾಕ?"

"ಬಿಡಸ್ರಿ, ಮದಿವಿಗೆ ಎಳಕೊಂಡು ಹೊಂಟಾನ ಅಂತ ಕೂಗಿದಾಕಿ ನಾನಽ."

ಹಿಂದಿನ ಬೆಂಚಿನಲ್ಲಿ ಕಾಳಪ್ಪನ ತಮ್ಮ ಎದ್ದು ನಿಂತದ್ದು ನಿಮಗೂ ಕಂಡಿರಬೇಕು. ಪೊಲೀಸರು ಕೂರಿಸಿದರು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಅವನು ನನ್ನ ಮುಂದೆ ಬಂದು ನಿಂತ, ಕೆನ್ನೆಗೆ ಒಂದು ಕೊಟ್ಟ. ಕಿವಿಯಲ್ಲಿ ಗುಂಯ್ ಎಂದಿತು, ಬಾಯಲ್ಲಿ ರಕ್ತದ ರುಚಿ. ಅಕ್ಬರ ಅವನ ಮೇಲೆ ಬೀಳಲು ಹೋದ. ನಡುವೆ ಬಂದವಳು ಹುಲಗೆಮ್ಮ. ಮೈದುನನ ಎದೆಗೆ ಎರಡೂ ಕೈ ಕೊಟ್ಟು ಹಿಂದೆ ದೂಡಿದಳು. "ಸಾಕು. ನಮ್ಮ ಮನ್ಯಾಗ ಹೊಡತದಿಂದ ಯಾರು ಎದ್ದು ಬಂದಾರ?" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಾಪಸು ಬರುವಾಗ ಒಂದೇ ಬಸ್ಸಿನಲ್ಲಿ ಬಂದೆವು. ಅವಳು ಮುಂದೆ, ನಾನು ಹಿಂದೆ.

ಅವತ್ತಿನಿಂದ ಇವತ್ತಿನವರೆಗೆ ಅವಳು ನನ್ನ ಜೊತೆ ಮಾತಾಡಿಲ್ಲ. ಫಕೀರಮ್ಮ ಮಾತ್ರ ಮರುದಿನ ಯಲಬುರ್ಗಾದ ಕಾಲೇಜಿನಿಂದ ನೇರವಾಗಿ ನನ್ನ ಮನೆಗೆ ಬಂದಳು. "ನಮ್ಮಪ್ಪ ಕುಡೀತಿದ್ದ, ಖರೇ. ಅವತ್ತು ಕುಡದಿದ್ದಿಲ್ಲ. ಅದನ್ನೂ ಹೇಳಿದ್ರೇನ್ರಿ ಟೀಚರ್?" ಎಂದು ಕೇಳಿದಳು. ಹೇಳಿದೆ ಎಂದೆ. ತಲೆಯಾಡಿಸಿ ಹೋದಳು.

ಖುರ್ಷಿದಾ


ಜೈಲಿನಿಂದ
2 ಏಪ್ರಿಲ್ 2025

ಅಕ್ಕಾ,

ಹಾಗೆ ಕರೆಯುವ ಹಕ್ಕು ಇಲ್ಲ. ಬೇರೆ ಏನು ಬರೆಯಬೇಕೋ ತೋಚಲಿಲ್ಲ.

ಸೋಮವಾರ ತೀರ್ಪು. ಅದು ಏನು ಬಂದರೂ ಮೇಲಿನ ಕೋರ್ಟಿಗೆ ಹೋಗುವುದಿಲ್ಲವೆಂದು ವಕೀಲರಿಗೆ ಹೇಳಿದ್ದೇನೆ. ಅವರು ಸಿಟ್ಟಾದರು. ಈ ಕಾಗದ ಇಲ್ಲಿಯವರು ಓದುತ್ತಾರೆ. ಓದಲಿ.

ನೀವು ಕೇಳಿದ್ದ ಒಂದು ಮಾತಿನ ಉತ್ತರ: ಹೌದು. ಗೊತ್ತಿತ್ತು. ಕಾಳಪ್ಪ ಗೇಟು ದಾಟಿದ ಕೂಡಲೇ ಮೊದಲು ಬಂದದ್ದು ನನ್ನ ಹತ್ತಿರ. "ಲೇ ಮಾಸ್ತರಾ, ನನ್ನ ಮಗಳ ಕಾಲಿಗೆ ಏನ ಮಾಡೀಯಿ?" ಎಂದ. ಮೈಕಿನ ಸದ್ದಿಗೆ ಬೇರೆ ಯಾರಿಗೂ ಕೇಳಲಿಲ್ಲ. ಆಮೇಲೆ ಮಗಳ ರಟ್ಟೆ ಹಿಡಿದ. ನೀವು ಕೂಗಿದ್ದು ಅದಾದ ಮೇಲೆ. ನಿಮ್ಮ ಕೂಗು ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ. ಈಗ ಹೊಡೆಯಬಹುದು. ಕಾರಣ ಸಿಕ್ಕಿತು.

ನಿಮ್ಮ ಮೇಲೆ ಹಾಕಿದ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀವು ಕೂಗದಿದ್ದರೂ ನಾನು ಹೊಡೆಯುತ್ತಿದ್ದೆ.

ಯಾಕೆ ಎಂದು ಎರಡು ವರ್ಷ ನನ್ನೊಳಗೇ ಹುಡುಕಿದೆ. ದೊಡ್ಡದೇನೂ ಸಿಗಲಿಲ್ಲ. ಕೈಗೆ ಸಿಮೆಂಟು ಮೆತ್ತಿಕೊಂಡ ಒಬ್ಬ ಗೌಂಡಿ ಮಕ್ಕಳೆದುರು ನನ್ನನ್ನು "ಲೇ" ಎಂದ. ಅಷ್ಟೇ ಅಕ್ಕಾ. ಅಷ್ಟೇ ಇತ್ತು.

ಇನ್ನೊಂದು ಇದೆ. ಇದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಎರಡನೆಯ ಏಟಿಗೆ ಬಿದ್ದಾಗ ಅವನು ನನ್ನನ್ನು ಬೈಯಲಿಲ್ಲ. ಕೈ ಅಡ್ಡ ಮಾಡಿ, ಮೆಲ್ಲಗೆ, ಗೆಳೆಯನಿಗೆ ಹೇಳುವ ಹಾಗೆ, "ಕೂಸು ನೋಡಾಕತ್ತೈತೋ ಮಾಸ್ತರಾ, ಬಿಡು" ಎಂದ. ಅದನ್ನು ಕೇಳಿಯೂ ಪೈಪು ಎತ್ತಿದೆ.

ಇದನ್ನು ಆ ಮನೆಯವರಿಗೆ ಹೇಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ನಿಮಗೆ ಬಿಟ್ಟದ್ದು.

ದುರಗೇಶ


ಕಲ್ಲಹೊಂಡ
11 ಏಪ್ರಿಲ್ 2025

ದುರಗೇಶ,

ಜೀವಾವಧಿ ಎಂದು ಪೇಪರಿನಲ್ಲಿ ಓದಿದೆ. ಊರಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ, ಯಾರೂ ಅಳಲಿಲ್ಲ. ಶರಣಬಸವ ಸರ್ ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ.

ನಿಮ್ಮ ಕಾಗದವನ್ನು ಮೂರು ದಿನ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಕೊಡದೆ ಹರಿದು ಹಾಕಬೇಕೆಂದು ಎರಡು ಸಲ ಅನ್ನಿಸಿತು. ಮೊನ್ನೆ ವರ್ಷದ ಕೊನೆಯ ಪಾಲಕರ ಸಭೆ. ಮಕ್ಕಳು ಮನೆಮನೆಗೆ ಹೋಗಿ ಎಲ್ಲರನ್ನೂ ಕರೆದು ತಂದಿದ್ದರು, ಬಂದವರಿಗೆಲ್ಲ ಗೋಧಿ ಸಜ್ಜಕದ ಸಿಹಿಯೂಟ. ಜನ ಉಂಡು ಹೋದ ಮೇಲೆ ಅಡುಗೆ ಕೋಣೆಗೆ ಹೋದೆ. ಫಕೀರಮ್ಮ ತಾಯಿಗೆ ಪಾತ್ರೆ ತೊಳೆದುಕೊಡಲು ಬಂದಿದ್ದಳು. ಅವಳನ್ನು ಹೊರಗೆ ಕರೆದು ಕಾಗದ ಕೊಟ್ಟೆ. ನಿಂತೇ ಓದಿದಳು.

"ನನಗ ಗೊತ್ತೈತ್ರಿ ಇದು" ಎಂದಳು. "ನಾ ಅಲ್ಲೇ ಬಾಜೂಕ ಇದ್ನಲ್ಲರಿ. ಕೇಳೇನಿ."

"ಅವ್ವಗ ಹೇಳಿಲ್ಲೇನು?"

"ಹೆಂಗ ಹೇಳ್ಲಿ? ನನ್ನ ಸಲುವಾಗಿ ಹಂಗಂದ. ನನ್ನ ಸಲುವಾಗಿನ ಬಂದಿದ್ದ."

ಆ ಹುಡುಗಿ ಹದಿನಾರನೇ ವಯಸ್ಸಿನಿಂದ ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಾಳೆ. ಗಣಿತ ಹೇಳಿಕೊಡುತ್ತಾ ಎದುರಿಗೇ ಕೂತಿದ್ದ ನನಗೆ ತಿಳಿಯಲಿಲ್ಲ.

ಹುಲಗೆಮ್ಮ ಒಳಗಿನಿಂದಲೇ ಕೇಳಿದಳು, "ಏನದು ಕಾಗದಾ?" ಎರಡು ತಿಂಗಳ ಮೇಲೆ ಅವಳು ನನಗೆ ಕೇಳುವಂತೆ ಆಡಿದ ಮೊದಲ ಮಾತು. ಅವಳಿಗೆ ಓದು ಬಾರದು. ಫಕೀರಮ್ಮ ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊದಲಿನಿಂದ ಓದಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. "ಲೇ" ಎಂದ ಕಾರಣಕ್ಕೆ ಎಂಬಲ್ಲಿ ಹುಲಗೆಮ್ಮ ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. ಊರಲ್ಲೆಲ್ಲ ಕಾಳಪ್ಪ ಹೊಲಸು ಬೈಯುತ್ತಾ ಸತ್ತನೆಂದು ಮಾತಿತ್ತು. ನಿಮಗೂ ಗೊತ್ತಿರಬಹುದು. ಆ ಮಾತು ಕೇಳಿ ಕೇಳಿ ಅವಳೂ ನಂಬಿದ್ದಳು.

ಅಪ್ಪನ ಮಾತು ಇದ್ದ ಸಾಲಿಗೆ ಬಂದಾಗ ಮಗಳು ನಿಲ್ಲಿಸಿದಳು. ನೀರು ಕುಡಿದು, ಓದಿದಳು.

ಹುಲಗೆಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. "ಬೈಲಿಲ್ಲೇನು?" ಎಂದಳು.

"ಇಲ್ಲವಾ."

"ಕೂಸು ಅಂದ್ನ?"

"ಹೂಂ."

ನಾನು ಇನ್ನು ನಿಮಗೆ ಬರೆಯುವುದಿಲ್ಲ, ದುರಗೇಶ. ಹೇಳಬೇಕಾದ್ದೆಲ್ಲ ಮುಗಿಯಿತು. ಆದರೆ ಅವಳು ಮುಂದೆ ಏನಂದಳೆಂದು ನಿಮಗೆ ಗೊತ್ತಾಗಬೇಕು, ಅದಕ್ಕೇ ಈ ಒಂದು ಕಾಗದ. ಹುಲಗೆಮ್ಮ ಸೌಟು ಕೆಳಗಿಟ್ಟಳು, ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು. ನನ್ನ ಕಡೆ ನೋಡಿ, "ಒಳಗ ಬಂದು ಕುಂದರ್ರಿ ಟೀಚರ್" ಎಂದಳು. ಆಮೇಲೆ ಮಗಳ ಹತ್ತಿರ ಸರಿದು ಹೇಳಿದಳು:

"ಅದೊಂದು ಮಾತು ಇನ್ನೊಮ್ಮಿ ಓದವಾ."

ಖುರ್ಷಿದಾ